ಏಟಿನ ಲೆಕ್ಕ: ಪೋಕೆಮಾನ್‌ನ ಮೊದಲ ಕಾದಾಟಗಳನ್ನು ಗೆಲ್ಲುವ ಬಗೆ

"ಮಾವ, ಬ್ರಾಕ್‌ನನ್ನು ದಾಟಲು ಆಗುತ್ತಲೇ ಇಲ್ಲ."

ಮಳೆ ರಜೆ ಘೋಷಣೆಯಾದ ದಿನಗಳಲ್ಲಿ ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಕೇಳಿಬರುವ ದೂರು ಇದು. ಬ್ರಾಕ್ ಎಂದರೆ ಪೋಕೆಮಾನ್ ಆಟದಲ್ಲಿ ಎದುರಾಗುವ ಮೊದಲ ದೊಡ್ಡ ಎದುರಾಳಿ. ದೂರು ಕೊಡುವವನು ಶಿವಮೊಗ್ಗದ ವಿನೋಬನಗರದಿಂದ ಬಂದಿರುವ ಅಕ್ಕನ ಮಗ. ಕೈಯಲ್ಲಿ ಬಂಧುಗಳಲ್ಲೊಬ್ಬರು ಆಡಿ ಬಿಟ್ಟ ಹಳೆಯ ಗೇಮ್ ಬಾಯ್ ಅಡ್ವಾನ್ಸ್, ಅದರೊಳಗೆ ಪೋಕೆಮಾನ್ ಫೈರ್‌ರೆಡ್. 2001ರ ಆ ಯಂತ್ರದ ಪರದೆಗೆ ಸ್ವಂತ ಬೆಳಕಿಲ್ಲ. ಆಷಾಢದ ಮಬ್ಬಿನಲ್ಲಿ ಹುಡುಗ ಜಗಲಿಯ ತುದಿಗೆ ಬಂದು, ಇರಚಲು ತಾಗದಷ್ಟೇ ಒಳಗೆ ಕುಳಿತು, ಯಂತ್ರವನ್ನು ಅತ್ತ ಇತ್ತ ವಾಲಿಸುತ್ತಾ ಆಡಬೇಕು. ಎರಡು ಪೆನ್ಸಿಲ್ ಸೆಲ್ ಇದ್ದರೆ ಸಾಕು, ಕರೆಂಟು ಹೋದರೆ ಚಿಂತೆಯಿಲ್ಲ ಎಂಬುದೊಂದು ಅನುಕೂಲ.

ಅವನ ತಂತ್ರ ಎಲ್ಲ ಮಕ್ಕಳದ್ದೇ. ಸೋತರೆ ಹುಲ್ಲಿನಲ್ಲಿ ತಿರುಗಿ, ಕಾಡು ಪೋಕೆಮಾನ್‌ಗಳನ್ನು ಬಡಿದು, ಲೆವೆಲ್ ಏರಿಸಿ, ಮತ್ತೆ ಹೋಗಿ ಸೋಲುವುದು. ಲೆವೆಲ್ ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆಟದ ಮೊದಲ ಒಂದೆರಡು ತಾಸಿನ ಕಾದಾಟಗಳು ನಿರ್ಧಾರವಾಗುವುದು ಬೇರೆಯದೇ ಎರಡು ಸಂಖ್ಯೆಗಳ ಮೇಲೆ. ಎದುರಾಳಿ ಬೀಳಲು ನನಗೆ ಎಷ್ಟು ಏಟು ಬೇಕು? ನಾನು ಬೀಳಲು ಅವನಿಗೆ ಎಷ್ಟು ಏಟು ಬೇಕು? ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯಿದ್ದರೆ ಗೆಲುವು. ಎರಡೂ ಸಮವಾದರೆ ಯಾರು ಚುರುಕೋ ಅವರದು. ಟೈಪ್ (ಬೆಂಕಿ, ನೀರು, ಹುಲ್ಲು ಎಂಬಂಥ ಬಗೆ), ಔಷಧಿ, ವಿಷ, ಬೆದರಿಕೆಯ ಗುಟುರು, ಇವೆಲ್ಲ ಈ ಎರಡು ಸಂಖ್ಯೆಗಳನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಉಪಾಯಗಳಷ್ಟೇ.

ಆಟವನ್ನೇ ನೋಡದವರಿಗೆ ಎರಡು ಮಾತು. ಪೋಕೆಮಾನ್‌ನ ಮೊದಲ ಆಟಗಳಾದ ರೆಡ್ ಮತ್ತು ಗ್ರೀನ್ 1996ರಲ್ಲಿ ಜಪಾನಿನಲ್ಲಿ ಬಂದವು. ಅವನ್ನೇ ಹೊಸದಾಗಿ ಕಟ್ಟಿ 2004ರಲ್ಲಿ ಫೈರ್‌ರೆಡ್ ಮತ್ತು ಲೀಫ್‌ಗ್ರೀನ್ ಎಂದು ಹೊರತಂದರು. ಮೂಲ ಕಲ್ಪನೆ ಸತೋಷಿ ತಜಿರಿ ಅವರದು. ಚಿಕ್ಕಂದಿನಲ್ಲಿ ಕೀಟಗಳನ್ನು ಹಿಡಿದು ಕೂಡಿಡುವ ಹುಚ್ಚು ಅವರಿಗಿತ್ತು. ಜೀರುಂಡೆಯನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಶಾಲೆಗೆ ಹೋದ ಮಲೆನಾಡಿಗರಿಗೆ ಆ ಹುಚ್ಚಿನ ಪರಿಚಯ ಇದ್ದೇ ಇರುತ್ತದೆ. ಕಾಂಟೋ ಎಂಬ ಪ್ರಾಂತದಲ್ಲಿ ಊರೂರು ಸುತ್ತುತ್ತಾ, ಪ್ರಾಣಿಗಳನ್ನು ಹಿಡಿದು ಪಳಗಿಸಿ, ದಾರಿಯಲ್ಲಿ ಸಿಗುವ ಟ್ರೇನರ್‌ಗಳ ಪ್ರಾಣಿಗಳೊಂದಿಗೆ ಕಾದಾಡಿಸುವುದು ಆಟ. ಕಾದಾಟ ಸುತ್ತುಗಳಲ್ಲಿ ನಡೆಯುತ್ತದೆ. ಪ್ರತಿ ಸುತ್ತಿನಲ್ಲಿ ಇಬ್ಬರಿಗೂ ಒಂದೊಂದೇ ಕೆಲಸಕ್ಕೆ ಅವಕಾಶ: ಹೊಡೆಯಬಹುದು, ಔಷಧಿ ಕೊಡಬಹುದು, ಇಲ್ಲವೇ ಪ್ರಾಣಿಯನ್ನು ಬದಲಾಯಿಸಬಹುದು. ಸ್ಪೀಡ್ ಹೆಚ್ಚಿರುವವನ ಏಟು ಮೊದಲು. ಕಾಡು ಪೋಕೆಮಾನ್ ಎದುರಾದರೆ ಓಡಿಹೋಗಬಹುದು. ಟ್ರೇನರ್ ಎದುರಾದರೆ ಆ ದಾರಿ ಮುಚ್ಚಿರುತ್ತದೆ. ಆದ್ದರಿಂದಲೇ ಲೆಕ್ಕ ಬೇಕು.

ಲೆಕ್ಕದ ಸೂತ್ರವನ್ನು ಒಮ್ಮೆ ನೋಡಿಬಿಡೋಣ, ಹೆದರುವಂಥದ್ದೇನೂ ಇಲ್ಲ. ಹೊಡೆಯುವ ಪ್ರಾಣಿಯ ಲೆವೆಲ್‌ನ ಎರಡರಷ್ಟನ್ನು ಐದರಿಂದ ಭಾಗಿಸಿ ಎರಡು ಕೂಡಿಸಬೇಕು. 5ನೇ ಲೆವೆಲ್‌ಗೆ ಇದು 4. ಇದನ್ನು ಏಟಿನ ಶಕ್ತಿಯಿಂದಲೂ ಹೊಡೆಯುವವನ ಅಟ್ಯಾಕ್‌ನಿಂದಲೂ ಗುಣಿಸಿ, ತಿನ್ನುವವನ ಡಿಫೆನ್ಸ್‌ನಿಂದ ಭಾಗಿಸಿ, ಮತ್ತೆ 50ರಿಂದ ಭಾಗಿಸಿ, 2 ಕೂಡಿಸಿದರೆ ಏಟಿನ ಮೂಲ ಪೆಟ್ಟು ಸಿಗುತ್ತದೆ. ಹೊಡೆಯುವ ಪ್ರಾಣಿಯ ಟೈಪೂ ಏಟಿನ ಟೈಪೂ ಒಂದೇ ಆಗಿದ್ದರೆ ಪೆಟ್ಟು ಒಂದೂವರೆ ಪಟ್ಟಾಗುತ್ತದೆ. ಎದುರಾಳಿಯ ಟೈಪ್‌ಗೆ ಆ ಏಟು ಮಾರಕವಾಗಿದ್ದರೆ ಎರಡು ಪಟ್ಟು, ಒಗ್ಗದಿದ್ದರೆ ಅರ್ಧ. ಎದುರಾಳಿಗೆ ಎರಡು ಟೈಪ್ ಇದ್ದು ಎರಡಕ್ಕೂ ಮಾರಕವಾದರೆ ನಾಲ್ಕು ಪಟ್ಟು. ಕೊನೆಗೆ ಆಟ 85ರಿಂದ 100ರೊಳಗಿನ ಒಂದು ಸಂಖ್ಯೆಯನ್ನು ಅದೃಷ್ಟದ ಮೇಲೆ ಆರಿಸಿ ಪೆಟ್ಟಿನ ಅಷ್ಟು ಶೇಕಡಾ ಮಾತ್ರ ಉಳಿಸುತ್ತದೆ. ಪ್ರತಿ ಹಂತದಲ್ಲೂ ದಶಾಂಶವನ್ನು ಕತ್ತರಿಸಿ ಬಿಸಾಡುತ್ತದೆ. ಈ ಕತ್ತರಿಸುವ ಚಾಳಿಯನ್ನು ನೆನಪಿಟ್ಟುಕೊಳ್ಳಿ. ಸಂಖ್ಯೆಗಳು ತೀರಾ ಸಣ್ಣದಿರುವ ಆರಂಭದಲ್ಲಿ ಗೆಲುವು ಸೋಲುಗಳನ್ನು ಅದೇ ಅದಲುಬದಲು ಮಾಡುತ್ತದೆ.

ಪ್ರೊಫೆಸರ್ ಓಕ್ ಅವರ ಪ್ರಯೋಗಾಲಯದಲ್ಲಿ ನಡೆಯುವ ಮೊಟ್ಟಮೊದಲ ಕಾದಾಟದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಹುಲ್ಲಿನ ಬಲ್ಬಸಾರ್, ಬೆಂಕಿಯ ಚಾರ್ಮ್ಯಾಂಡರ್, ನೀರಿನ ಸ್ಕ್ವರ್ಟಲ್, ಈ ಮೂರರಲ್ಲಿ ಒಂದನ್ನು ನೀವು ಆರಿಸಿಕೊಂಡ ತಕ್ಷಣ ನಿಮ್ಮ ಪ್ರತಿಸ್ಪರ್ಧಿ ಹುಡುಗ ಅದಕ್ಕೆ ಮಾರಕವಾದದ್ದನ್ನೇ ಎತ್ತಿಕೊಂಡು ಪಂಥಕ್ಕೆ ಕರೆಯುತ್ತಾನೆ. ಈ ಹಂತದಲ್ಲಿ ಅದರಿಂದ ಅವನಿಗೆ ಯಾವ ಲಾಭವೂ ಇಲ್ಲ. ಎರಡೂ 5ನೇ ಲೆವೆಲ್. ಬೆಂಕಿ, ನೀರು, ಹುಲ್ಲಿನ ಏಟುಗಳನ್ನು ಯಾವುದೂ ಇನ್ನೂ ಕಲಿತಿಲ್ಲ. ಎಲ್ಲಕ್ಕೂ ಇರುವುದು ಒಂದು ಸಾಧಾರಣ ಏಟು ಮತ್ತು ಒಂದು ಕುಗ್ಗಿಸುವ ಉಪಾಯ. ಬಲ್ಬಸಾರ್‌ಗೆ ಟ್ಯಾಕಲ್ ಮತ್ತು ಗ್ರೌಲ್, ಚಾರ್ಮ್ಯಾಂಡರ್‌ಗೆ ಸ್ಕ್ರಾಚ್ ಮತ್ತು ಗ್ರೌಲ್, ಸ್ಕ್ವರ್ಟಲ್‌ಗೆ ಟ್ಯಾಕಲ್ ಮತ್ತು ಟೇಲ್ ವಿಪ್. ಗ್ರೌಲ್ ಎದುರಾಳಿಯ ಅಟ್ಯಾಕ್ ಅನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತದೆ. ಟೇಲ್ ವಿಪ್ ಡಿಫೆನ್ಸ್ ಅನ್ನು ಅಷ್ಟೇ ಇಳಿಸುತ್ತದೆ.

ನೀವು ಬಲ್ಬಸಾರ್ ಆರಿಸಿಕೊಂಡಿರಿ ಎನ್ನೋಣ. ಎದುರಿಗೆ ಚಾರ್ಮ್ಯಾಂಡರ್. ಒಂದೇ ಜಾತಿಯ ಎರಡು ಪ್ರಾಣಿಗಳ ಅಂಕಿಗಳಲ್ಲೂ ಹುಟ್ಟಿನಿಂದಲೇ ಸಣ್ಣಪುಟ್ಟ ವ್ಯತ್ಯಾಸ ಇರುವುದರಿಂದ ನಾನು ಮಧ್ಯಮ ಗುಣದವನ್ನು ಹಿಡಿದು ಲೆಕ್ಕ ಹಾಕುತ್ತೇನೆ. ಬಲ್ಬಸಾರ್‌ಗೆ 20 ಎಚ್‌ಪಿ (ಜೀವದ ಅಂಕ, ಸೊನ್ನೆಯಾದರೆ ಪ್ರಾಣಿ ಬೀಳುತ್ತದೆ), ಚಾರ್ಮ್ಯಾಂಡರ್‌ಗೆ 19. ಇಬ್ಬರ ಅಟ್ಯಾಕೂ 10, ಡಿಫೆನ್ಸೂ 10. ಸ್ಪೀಡ್ ಚಾರ್ಮ್ಯಾಂಡರ್‌ಗೆ ಹೆಚ್ಚು. ಟ್ಯಾಕಲ್‌ನ ಶಕ್ತಿ 35, ಸ್ಕ್ರಾಚ್‌ನದು 40. ಸೂತ್ರಕ್ಕೆ ಹಾಕಿದರೆ ನಿಮ್ಮ ಟ್ಯಾಕಲ್‌ನ ಮೂಲ ಪೆಟ್ಟು 4. ಅದೃಷ್ಟದ ಶೇಕಡಾ ಕತ್ತರಿಸಿದ ಮೇಲೆ ಹದಿನಾರರಲ್ಲಿ ಹದಿನೈದು ಸಲ ಉಳಿಯುವುದು 3. ಅವನ ಸ್ಕ್ರಾಚ್‌ನ ಪೆಟ್ಟು 5, ಉಳಿಯುವುದು 4. ಅಂದರೆ ನಿಮಗೆ ಏಳು ಏಟು ಬೇಕು, ಅವನಿಗೆ ಐದು ಸಾಕು. ಬರೀ ಟ್ಯಾಕಲ್ ಒತ್ತುತ್ತಾ ಕುಳಿತ ಮಕ್ಕಳು "ನನ್ನದು ಎಳೆಯದು, ಅವನದು ಬಲಿಷ್ಠ" ಎಂದು ಗೊಣಗುವುದು ಇಲ್ಲಿಯೇ.

ಮೊದಲ ಸುತ್ತಿನಲ್ಲಿ ಗ್ರೌಲ್ ಮಾಡಿ ನೋಡಿ. ಅವನ ಅಟ್ಯಾಕ್ 10ರಿಂದ 6ಕ್ಕೆ ಇಳಿಯುತ್ತದೆ, ಸ್ಕ್ರಾಚ್‌ನ ಪೆಟ್ಟು 4ರಿಂದ 2ಕ್ಕೆ. ಹೆಸರಿಗೆ ಮೂರನೇ ಒಂದರಷ್ಟು ಇಳಿಸುವ ಉಪಾಯ ದಶಾಂಶಗಳ ಕೃಪೆಯಿಂದ ಅರ್ಧಕ್ಕರ್ಧ ಇಳಿಸಿತು. ಈಗ ಸುತ್ತುಗಳನ್ನು ಎಣಿಸಿ. ಮೊದಲ ಸುತ್ತಿನಲ್ಲಿ ಅವನ ಏಟು ಮುಂಚೆ ಬೀಳುವುದರಿಂದ 4 ಕಳೆದುಕೊಳ್ಳುತ್ತೀರಿ. ಎರಡರಿಂದ ಎಂಟನೆಯ ಸುತ್ತಿನವರೆಗೆ ಏಳು ಟ್ಯಾಕಲ್ ಹೊಡೆಯುತ್ತೀರಿ, ಆ ಹೊತ್ತಿಗೆ ಅವನಿಂದ ತಿನ್ನುವುದು 14. ಒಟ್ಟು 18. ಎರಡು ಎಚ್‌ಪಿ ಉಳಿಸಿಕೊಂಡು ಎಂಟನೆಯ ಸುತ್ತಿನಲ್ಲಿ ಗೆಲ್ಲುತ್ತೀರಿ.

ಒಂದು ಗ್ರೌಲ್ ಇಷ್ಟು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಎರಡನೆಯ ಗ್ರೌಲ್‌ನಿಂದ ಅವನ ಅಟ್ಯಾಕ್ 5ಕ್ಕೆ ಇಳಿಯುತ್ತದೆ ನಿಜ, ಆದರೆ ಸೂತ್ರಕ್ಕೆ ಹಾಕಿದರೆ ಪೆಟ್ಟು ಮತ್ತೆ 2. ಒಂದಿಷ್ಟೂ ಬದಲಾಗಲಿಲ್ಲ. ನೀವು ಮಾತ್ರ ಒಂದು ಸುತ್ತು ಕಳೆದುಕೊಂಡಿರಿ. ಒಂಬತ್ತನೆಯ ಸುತ್ತಿನಲ್ಲಿ ಅವನ ಪೆಟ್ಟುಗಳ ಮೊತ್ತ ಸರಿಯಾಗಿ 20 ಮುಟ್ಟುತ್ತದೆ, ಅದೂ ನಿಮ್ಮ ಏಳನೆಯ ಟ್ಯಾಕಲ್‌ಗೆ ಮೊದಲೇ. ಒಂದು ಗ್ರೌಲ್‌ಗೆ ಗೆಲುವು, ಎರಡಕ್ಕೆ ಸೋಲು. ನನಗೆ ಈ ಆಟದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಯಾವುದೆಂದು ಕೇಳಿದರೆ ದೊಡ್ಡ ದೊಡ್ಡ ಡ್ರ್ಯಾಗನ್‌ಗಳನ್ನು ಬಿಟ್ಟು ಇದನ್ನೇ ಹೇಳುತ್ತೇನೆ.

ಸ್ಕ್ವರ್ಟಲ್ ಆರಿಸಿಕೊಂಡವರಿಗೆ ಎದುರಾಗುವುದು ಬಲ್ಬಸಾರ್. ಇಬ್ಬರಿಗೂ 20 ಎಚ್‌ಪಿ, ಇಬ್ಬರ ಟ್ಯಾಕಲ್‌ಗೂ 3ರ ಪೆಟ್ಟು, ಸ್ಪೀಡ್ ಹೆಚ್ಚುಕಡಿಮೆ ಸಮ. ಇಬ್ಬರಿಗೂ ಏಳು ಏಟು ಬೇಕು, ಹಾಗಾಗಿ ಫಲಿತಾಂಶ ದೇವರ ಕೈಯಲ್ಲಿ. ಒಂದೇ ಒಂದು ಟೇಲ್ ವಿಪ್ ಮಾಡಿದರೆ ನಿಮ್ಮ ಪೆಟ್ಟು 5ಕ್ಕೆ ಏರುತ್ತದೆ, ನಾಲ್ಕು ಏಟಿಗೆ ಸರಿಯಾಗಿ 20. ಟೇಲ್ ವಿಪ್‌ನ ಸುತ್ತೂ ಸೇರಿ ಐದು. ಎರಡು ಟೇಲ್ ವಿಪ್ ಮಾಡಿದರೆ ಪೆಟ್ಟು 6 ಆದರೂ ನಾಲ್ಕು ಏಟು ಬೇಕೇ ಬೇಕು, ಒಟ್ಟು ಆರು ಸುತ್ತು. ಇಲ್ಲಿಯೂ ಒಂದೇ ಸಾಕು.

ಚಾರ್ಮ್ಯಾಂಡರ್‌ನವರ ಕಥೆ ಚಿಕ್ಕದು. ಸ್ಕ್ವರ್ಟಲ್ ಎದುರು ಇಬ್ಬರಿಗೂ ಏಳು ಏಟು ಬೇಕು, ಚಾರ್ಮ್ಯಾಂಡರ್ ಚುರುಕು, ಆದ್ದರಿಂದ ಕೂದಲೆಳೆಯ ಅಂತರದ ಗೆಲುವು. ಸ್ಕ್ವರ್ಟಲ್ ಟೇಲ್ ವಿಪ್ ಮಾಡಿಬಿಟ್ಟರೆ ಅದೂ ಕೈಜಾರುತ್ತದೆ.

ಇದೆಲ್ಲ ಮಧ್ಯಮ ಲೆಕ್ಕ ಎಂಬುದನ್ನು ಮರೆಯಬೇಡಿ. ಟ್ಯಾಕಲ್ ಇಪ್ಪತ್ತರಲ್ಲಿ ಒಂದು ಸಲ ಗುರಿ ತಪ್ಪುತ್ತದೆ. ಹದಿನಾರರಲ್ಲಿ ಒಂದು ಏಟು ಎರಡು ಪಟ್ಟು ಬೀಳುತ್ತದೆ. ಎದುರಾಳಿಯೂ ಆಗಾಗ ಗ್ರೌಲ್ ಮಾಡುತ್ತಾ ತನ್ನ ಸುತ್ತನ್ನು ಹಾಳುಮಾಡಿಕೊಳ್ಳುತ್ತಾನೆ. ಅದೃಷ್ಟವನ್ನು ಪೂರ್ತಿ ನಂಬದವರು ಮನೆಯಿಂದ ಹೊರಡುವ ಮುನ್ನ ತಮ್ಮ ಕೋಣೆಯ ಕಂಪ್ಯೂಟರ್ ತೆರೆದು ನೋಡಲಿ. ಅದರಲ್ಲಿ ಒಂದು ಪೋಶನ್ ಇಟ್ಟಿರುತ್ತಾರೆ. ಬಹಳ ಮಂದಿ ಅದನ್ನು ಮುಟ್ಟುವುದೇ ಇಲ್ಲ. ಪೋಶನ್ 20 ಎಚ್‌ಪಿ ಮರಳಿಸುತ್ತದೆ, ಅಂದರೆ ಆ ಹೊತ್ತಿಗೆ ಇಡೀ ಜೀವವನ್ನೇ. ಒಂದು ಸುತ್ತು ಖರ್ಚು ಮಾಡಿ ಐದಾರು ಏಟಿನಷ್ಟು ಆಯಸ್ಸು ಪಡೆದ ಹಾಗಾಯಿತು. ಔಷಧಿಯ ಬೆಲೆಯನ್ನು ಹಣದಲ್ಲಿ ಅಳೆಯದೆ ಹೀಗೆ ಏಟಿನಲ್ಲಿ ಅಳೆಯುವುದು ರೂಢಿಯಾಗಲಿ. ಎದುರಾಳಿಯ ಒಂದೇ ಏಟಿಗೆ 25 ಹೋಗುವಂತಿದ್ದರೆ ಅದೇ ಪೋಶನ್ ದಂಡ. ಕುಡಿಸಿದ್ದು ಅದೇ ಸುತ್ತಿನಲ್ಲಿ ಹೊರಟುಹೋಗುತ್ತದೆ.

ಪ್ರಯೋಗಾಲಯದಲ್ಲಿ ಸೋತರೂ ಕಥೆ ಮುಂದೆ ಸಾಗುತ್ತದೆ. ಅದಾದ ಮೇಲೆ ಎದುರಾಗುವ ಟ್ರೇನರ್‌ಗಳೆಂದರೆ ವಿರಿಡಿಯನ್ ಕಾಡಿನ ಕೀಟ ಹಿಡಿಯುವ ಹುಡುಗರು. ಅವರ ಬಳಿ ಇರುವುದು ಕ್ಯಾಟರ್ಪಿ, ವೀಡಲ್ ಎಂಬ ಹುಳುಗಳು ಮತ್ತು ಅವುಗಳ ಗೂಡಿನ ಅವಸ್ಥೆಗಳಾದ ಮೆಟಪಾಡ್, ಕಕೂನಾ. ಲೆವೆಲ್ 6ರಿಂದ 9. ಇಲ್ಲಿ ಸೋಲುವುದು ಕಷ್ಟ, ಆದರೆ ಸವೆಯುವುದು ಸುಲಭ. ವೀಡಲ್‌ನ ಪಾಯ್ಸನ್ ಸ್ಟಿಂಗ್ ಏಟು ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಆದರೆ ಅದು ತಗುಲಿದರೆ ಮೂರರಲ್ಲಿ ಒಂದು ಸಲದಷ್ಟು ವಿಷ ಏರುತ್ತದೆ. ವಿಷ ಏರಿದ ಪ್ರಾಣಿ ಪ್ರತಿ ಸುತ್ತಿಗೆ ತನ್ನ ಪೂರ್ಣ ಎಚ್‌ಪಿಯ ಎಂಟನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಕಾದಾಟ ಮುಗಿದ ಮೇಲೂ ನೀವು ನಡೆದಂತೆಲ್ಲ ಸೊರಗುತ್ತಲೇ ಇರುತ್ತದೆ. ವಿರಿಡಿಯನ್ ಊರಿನ ಅಂಗಡಿಯಲ್ಲಿ 100ಕ್ಕೆ ಸಿಗುವ ಆಂಟಿಡೋಟ್ ಎರಡಾದರೂ ಕೊಂಡು ಕಾಡಿಗೆ ಇಳಿಯಿರಿ. ಬಲ್ಬಸಾರ್ ಇದ್ದವರಿಗೆ ಆ ಖರ್ಚೂ ಇಲ್ಲ. ಅದು ಅರ್ಧ ವಿಷದ ಟೈಪ್ ಆದ್ದರಿಂದ ವಿಷ ಅದಕ್ಕೆ ಏರುವುದೇ ಇಲ್ಲ.

ಮೆಟಪಾಡ್ ಮತ್ತು ಕಕೂನಾ ಹೊಡೆಯುವುದೇ ಇಲ್ಲ ಎನ್ನಬಹುದು. ಹಾರ್ಡನ್ ಮಾಡಿಕೊಳ್ಳುತ್ತಾ ತಮ್ಮ ಡಿಫೆನ್ಸ್ ಅನ್ನು ಏರಿಸಿಕೊಳ್ಳುತ್ತಾ ಹೋಗುತ್ತವೆ. ಟ್ಯಾಕಲ್ ಒತ್ತಿ ಒತ್ತಿ ಬೆರಳು ನೋಯುತ್ತದೆ. ಇಲ್ಲಿ ಈ ಪೀಳಿಗೆಯ ಆಟಗಳ ಒಂದು ಗುಟ್ಟು ಕೆಲಸಕ್ಕೆ ಬರುತ್ತದೆ. ಅಟ್ಯಾಕ್ ಮತ್ತು ಡಿಫೆನ್ಸ್ ಒಂದು ಜೋಡಿ. ಸ್ಪೆಷಲ್ ಅಟ್ಯಾಕ್ ಮತ್ತು ಸ್ಪೆಷಲ್ ಡಿಫೆನ್ಸ್ ಇನ್ನೊಂದು ಜೋಡಿ. ಬೆಂಕಿ, ನೀರು, ಹುಲ್ಲು, ವಿದ್ಯುತ್ತು, ಮನಃಶಕ್ತಿಯಂಥ ಟೈಪ್‌ಗಳ ಏಟುಗಳೆಲ್ಲ ಎರಡನೆಯ ಜೋಡಿಯನ್ನು ಬಳಸುತ್ತವೆ. ಸಾಧಾರಣ, ಮಲ್ಲಯುದ್ಧ, ಕಲ್ಲು, ಉಕ್ಕು, ಕೀಟದ ಏಟುಗಳು ಮೊದಲನೆಯದನ್ನು. ಹಾರ್ಡನ್ ಏರಿಸುವುದು ಡಿಫೆನ್ಸ್ ಅನ್ನು ಮಾತ್ರ. 7ನೇ ಲೆವೆಲ್‌ಗೆ ಚಾರ್ಮ್ಯಾಂಡರ್ ಎಂಬರ್ ಕಲಿಯುತ್ತದೆ, ಸ್ಕ್ವರ್ಟಲ್ ಬಬಲ್ ಕಲಿಯುತ್ತದೆ. ಮೆಟಪಾಡ್ ಎಷ್ಟು ಗಟ್ಟಿಯಾಗಿ ಕುಳಿತರೂ ಇವುಗಳ ಪೆಟ್ಟು ಒಂದು ಚೂರೂ ತಗ್ಗುವುದಿಲ್ಲ. ಎಂಬರ್ ಆದರಂತೂ ಕೀಟಕ್ಕೆ ಎರಡು ಪಟ್ಟು.

ಬಲ್ಬಸಾರ್ ಅದೇ 7ಕ್ಕೆ ಕಲಿಯುವುದು ಲೀಚ್ ಸೀಡ್. ಎದುರಾಳಿಗೆ ಅಂಟಿಕೊಂಡು ಸುತ್ತಿಗೆ ಎಂಟನೇ ಒಂದು ಪಾಲು ಎಚ್‌ಪಿ ಹೀರಿ ನಿಮಗೆ ಕೊಡುವ ಬೀಜ ಅದು. ಆಗುಂಬೆಯ ಕಾಡಿನಲ್ಲಿ ನಡೆದು ಬಂದು ಸಂಜೆ ಕಾಲುಚೀಲ ಬಿಚ್ಚಿದಾಗ ಇಂಬಳ ಕಂಡವರಿಗೆ ಇದರ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ಹತ್ತಿದ್ದು ತಿಳಿಯುವುದಿಲ್ಲ, ಹೋದ ರಕ್ತ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಏಟಿನ ಲೆಕ್ಕದಲ್ಲಿ ಇದು ಎರಡೂ ಸಂಖ್ಯೆಗಳನ್ನು ಒಟ್ಟಿಗೆ ನಿಮ್ಮ ಕಡೆಗೆ ಎಳೆಯುತ್ತದೆ. ದೀರ್ಘ ಕಾದಾಟಕ್ಕೆ ಮಾತ್ರ ಬಳಸಿ. ಎರಡು ಏಟಿಗೆ ಬೀಳುವ ಹುಳುವಿಗೆ ಬೀಜ ಬಿತ್ತುತ್ತಾ ಕೂರುವುದು ದಡ್ಡತನ.

ಕಾಡಿನಲ್ಲಿ ಇರುವಾಗಲೇ ಒಂದು ಕ್ಯಾಟರ್ಪಿಯನ್ನು ಹಿಡಿದಿಡಿ. 7ಕ್ಕೆ ಅದು ಮೆಟಪಾಡ್, 10ಕ್ಕೆ ಬಟರ್‌ಫ್ರೀ ಎಂಬ ಚಿಟ್ಟೆ ಆಗುತ್ತದೆ, ಆಗಲೇ ಕನ್‌ಫ್ಯೂಷನ್ ಎಂಬ 50 ಶಕ್ತಿಯ ಸ್ಪೆಷಲ್ ಏಟನ್ನೂ ಕಲಿಯುತ್ತದೆ. ಇಷ್ಟು ಬೇಗ ಪೂರ್ಣಾವಸ್ಥೆಗೆ ಬರುವ ಪ್ರಾಣಿಗಳು ಆಟದಲ್ಲಿ ಕಡಿಮೆ. ಸದರ್ನ್ ಬರ್ಡ್‌ವಿಂಗ್ ಅನ್ನು ರಾಜ್ಯ ಚಿಟ್ಟೆಯಾಗಿ ಹೊಂದಿರುವ ನಾವು ಬಟರ್‌ಫ್ರೀಯನ್ನು ಕಡೆಗಣಿಸುವುದು ಸಲ್ಲದು. ಇದು ನನ್ನ ಪಕ್ಷಪಾತ, ಲೆಕ್ಕವಲ್ಲ.

ವಿರಿಡಿಯನ್‌ನ ಪಶ್ಚಿಮಕ್ಕೆ ರೂಟ್ 22ರಲ್ಲಿ ಪ್ರತಿಸ್ಪರ್ಧಿ ಮತ್ತೊಮ್ಮೆ ಅಡ್ಡ ಬರುತ್ತಾನೆ. ಇದು ಐಚ್ಛಿಕ ಕಾದಾಟ, ಸಿದ್ಧರಾಗಿ ಹೋದರೆ ಸಾಕು. ಅವನ ಬಳಿ 9ನೇ ಲೆವೆಲ್‌ನ ಪಿಜಿ ಎಂಬ ಹಕ್ಕಿ ಮತ್ತು 9ನೇ ಲೆವೆಲ್‌ನ ಆ ಮೊದಲ ಪ್ರಾಣಿ. ಸ್ಕ್ವರ್ಟಲ್ ಆರಿಸಿದವರಿಗೆ ಇದು ಎಲ್ಲರಿಗಿಂತ ಹಗುರ, ಏಕೆಂದರೆ ಬಲ್ಬಸಾರ್ ತನ್ನ ಹುಲ್ಲಿನ ಏಟಾದ ವೈನ್ ವಿಪ್ ಅನ್ನು ಕಲಿಯುವುದು 10ಕ್ಕೆ. ಉಳಿದವರಿಗೆ ಆ ಭಾಗ್ಯವಿಲ್ಲ, ಎಂಬರ್ ಮತ್ತು ಬಬಲ್ ಎರಡೂ 7ಕ್ಕೇ ಬಂದಿರುತ್ತವೆ. ಪಿಜಿ ಮರಳು ತೂರಿ ನಿಮ್ಮ ಗುರಿ ತಪ್ಪಿಸಲು ನೋಡುತ್ತದೆ. ಒಮ್ಮೆ ತೂರಿದರೆ ನಾಲ್ಕರಲ್ಲಿ ಒಂದು ಏಟು ವ್ಯರ್ಥ. ಪ್ರಾಣಿಯನ್ನು ಹಿಂದಕ್ಕೆ ಕರೆಸಿ ಬೇರೆಯದನ್ನು ಬಿಟ್ಟರೆ ಮರಳು, ಗ್ರೌಲ್, ಟೇಲ್ ವಿಪ್‌ಗಳ ಪರಿಣಾಮವೆಲ್ಲ ತೊಳೆದುಹೋಗುತ್ತದೆ.

ಬದಲಾಯಿಸಲು ಒಂದು ಸುತ್ತು ಖರ್ಚಾಗುತ್ತದೆ ಎಂಬುದೇ ತೊಂದರೆ. ಖರ್ಚಿಲ್ಲದ ದಾರಿಯೂ ಇದೆ. ಸೆಟ್ಟಿಂಗ್‌ಗಳಲ್ಲಿ ಕಾದಾಟದ ಶೈಲಿ ಶಿಫ್ಟ್ ಎಂದಿದ್ದರೆ (ಮೊದಲಿನಿಂದ ಹಾಗೆಯೇ ಇರುತ್ತದೆ), ಎದುರಾಳಿಯ ಒಂದು ಪ್ರಾಣಿ ಬಿದ್ದ ಕೂಡಲೇ ಮುಂದೆ ಯಾವುದು ಬರಲಿದೆ ಎಂದು ತಿಳಿಸಿ, ನಿಮ್ಮದನ್ನು ಬದಲಾಯಿಸುತ್ತೀರಾ ಎಂದು ಆಟವೇ ಕೇಳುತ್ತದೆ. ಮಕ್ಕಳು ಓದದೆಯೇ ಬೇಡ ಎಂದು ಒತ್ತಿ ಮುಂದೆ ಹೋಗುವ ಪ್ರಶ್ನೆ ಇದು.

ಈಗ ದೂರಿನ ಮೂಲಕ್ಕೆ ಬರೋಣ. ಪ್ಯೂಟರ್ ಊರಿನ ಜಿಮ್ ಲೀಡರ್, ಅಂದರೆ ಅಲ್ಲಿನ ಕಾದಾಟದ ಅಖಾಡದ ಮುಖ್ಯಸ್ಥ, ಬ್ರಾಕ್. ಅವನ ಬಳಿ 12ನೇ ಲೆವೆಲ್‌ನ ಜಿಯೋಡ್ಯೂಡ್, 14ನೇ ಲೆವೆಲ್‌ನ ಓನಿಕ್ಸ್. ಎರಡೂ ಕಲ್ಲು ಮತ್ತು ನೆಲದ ಟೈಪ್. ಓನಿಕ್ಸ್ 210 ಕಿಲೋ ತೂಗುವ ಕಲ್ಲಿನ ಹಾವು, ನೋಡಿದರೆ ಕಾಳಿಂಗವೂ ದಾರಿ ಬಿಡಬೇಕು. ಆದರೆ ಅದರ ಅಂಕಿಗಳನ್ನು ಬಿಡಿಸಿ ನೋಡಿ. ಎಚ್‌ಪಿ ಸುಮಾರು 35. ಡಿಫೆನ್ಸ್ ಸುಮಾರು 51. ಸ್ಪೆಷಲ್ ಡಿಫೆನ್ಸ್ ಕೇವಲ 19ರ ಆಸುಪಾಸು. ಮುಂದಿನ ಬಾಗಿಲಿಗೆ ಕೋಟೆಯ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಿದ್ದಾರೆ.

10ನೇ ಲೆವೆಲ್‌ನ ಸ್ಕ್ವರ್ಟಲ್ ಅದಕ್ಕೆ ಟ್ಯಾಕಲ್ ಹೊಡೆದರೆ ಪೆಟ್ಟು 1. ಹೌದು, ಒಂದು. ಮೂವತ್ತೈದು ಏಟು ಬೇಕು. ಅದೇ ಸ್ಕ್ವರ್ಟಲ್ ಬಬಲ್ ಊದಿದರೆ ಪೆಟ್ಟು 20ರಿಂದ 24. ಎರಡು ಏಟು ಸಾಕು. ಬಬಲ್‌ನ ಶಕ್ತಿ 20, ಟ್ಯಾಕಲ್‌ನದು 35 ಎಂಬುದನ್ನು ಗಮನಿಸಿ. ಶಕ್ತಿ ಕಡಿಮೆಯಿದ್ದರೂ ಅದು ಹಿತ್ತಿಲ ಬಾಗಿಲಿನಿಂದ ಹೋಗುತ್ತದೆ, ಸ್ವಂತ ಟೈಪ್‌ನ ಒಂದೂವರೆ ಪಟ್ಟು ಸಿಗುತ್ತದೆ, ಕಲ್ಲು ಮತ್ತು ನೆಲ ಎರಡಕ್ಕೂ ನೀರು ಮಾರಕವಾದ್ದರಿಂದ ನಾಲ್ಕು ಪಟ್ಟೂ ಸಿಗುತ್ತದೆ. ಬಲ್ಬಸಾರ್‌ನ ವೈನ್ ವಿಪ್ ಇನ್ನೂ ಒಂದು ಕೈ ಮೇಲು. 10ನೇ ಲೆವೆಲ್‌ನಲ್ಲಿ ಜಿಯೋಡ್ಯೂಡ್ ಒಂದೇ ಏಟಿಗೆ ಬೀಳುತ್ತದೆ, ಓನಿಕ್ಸ್ ಹೆಚ್ಚೆಂದರೆ ಎರಡಕ್ಕೆ. ನಮ್ಮ ಪಕ್ಕದ ಮನೆಯ ಹುಡುಗಿ ಬಲ್ಬಸಾರ್ ಆರಿಸಿದವಳು. ಬ್ರಾಕ್ ಕಷ್ಟ ಎಂದು ಯಾರಾದರೂ ಹೇಳಿದರೆ ಅವಳಿಗೆ ನಿಜಕ್ಕೂ ಅರ್ಥವಾಗುವುದಿಲ್ಲ.

ಅಕ್ಕನ ಮಗನದು ಚಾರ್ಮ್ಯಾಂಡರ್. ಅವನ ಲೆಕ್ಕವನ್ನು ಒಂದು ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದೆ. 12ನೇ ಲೆವೆಲ್‌ನ ಎಂಬರ್ ಹಿತ್ತಿಲ ಬಾಗಿಲಿನಿಂದಲೇ ಹೋದರೂ ಕಲ್ಲಿಗೆ ಬೆಂಕಿ ಅರ್ಧ, ಆದ್ದರಿಂದ ಪೆಟ್ಟು 4, ಒಂಬತ್ತು ಏಟು. 13ಕ್ಕೆ ಮೆಟಲ್ ಕ್ಲಾ ಎಂಬ ಉಕ್ಕಿನ ಏಟು ಬರುತ್ತದೆ. ಕಲ್ಲಿಗೆ ಅದು ಎರಡು ಪಟ್ಟು, ಆದರೆ ಹೋಗುವುದು ಬೀಗ ಹಾಕಿದ ಬಾಗಿಲಿಗೆ. ಪೆಟ್ಟು 6 ಅಥವಾ 7, ಐದಾರು ಏಟು. ಅತ್ತ ಓನಿಕ್ಸ್‌ನ ರಾಕ್ ಟೂಂಬ್ ಬೆಂಕಿಗೆ ಎರಡು ಪಟ್ಟು, ಪೆಟ್ಟು 22ರಿಂದ 26. ಚಾರ್ಮ್ಯಾಂಡರ್‌ನ ಎಚ್‌ಪಿ 35. ಎರಡು ಏಟಿಗೆ ಮುಗಿಯಿತು.

"ಹಾಗಾದರೆ 16ಕ್ಕೆ ಏರಿಸಿ ಚಾರ್ಮೀಲಿಯನ್ ಮಾಡಿಕೊಂಡು ಹೋಗುತ್ತೇನೆ" ಎಂದ.

ಚಾರ್ಮ್ಯಾಂಡರ್‌ನ ಬೆಳೆದ ರೂಪ ಅದು. ಅದನ್ನೂ ಬರೆದು ನೋಡಿದೆವು. ಚಾರ್ಮೀಲಿಯನ್‌ನ ಮೆಟಲ್ ಕ್ಲಾಗೆ ಸುಮಾರು 11, ನಾಲ್ಕು ಏಟು ಬೇಕು. ರಾಕ್ ಟೂಂಬ್‌ನಿಂದ ಅದು ಬೀಳಲು ಮೂರು ಸಾಕು. ರಾಕ್ ಟೂಂಬ್ ಐದರಲ್ಲಿ ಒಂದು ಸಲ ಗುರಿ ತಪ್ಪುತ್ತದೆ, ಓನಿಕ್ಸ್ ಕೆಲವೊಮ್ಮೆ ಟ್ಯಾಕಲ್ ಅಥವಾ ಬೈಂಡ್ ಮಾಡುತ್ತದೆ, ಹಾಗಾಗಿ ಗೆಲ್ಲಲೂಬಹುದು. ಇಡೀ ಮಧ್ಯಾಹ್ನ ಹುಲ್ಲಿನಲ್ಲಿ ತಿರುಗಿ ಸಂಪಾದಿಸಿದ್ದು ಒಂದು "ಬಹುದು" ಮಾತ್ರ.

ಉತ್ತರ ರೂಟ್ 22ರ ಹುಲ್ಲಿನಲ್ಲಿದೆ. ಅಲ್ಲಿ ಮ್ಯಾಂಕಿ ಎಂಬ ಸಿಡುಕು ಕೋತಿ ಸಿಗುತ್ತದೆ. ಅಡಿಕೆ ತೋಟ ಕಾಯುವ ಊರಿನವರಿಗೆ ಕೋತಿಯನ್ನು ಬರಮಾಡಿಕೊಳ್ಳುವುದು ಸುಲಭವಲ್ಲ, ಆದರೂ ಹಿಡಿಯಿರಿ. 6ನೇ ಲೆವೆಲ್‌ಗೆ ಅದು ಲೋ ಕಿಕ್ ಕಲಿಯುತ್ತದೆ. ಮಲ್ಲಯುದ್ಧದ ಏಟು, ಕಲ್ಲಿಗೆ ಎರಡು ಪಟ್ಟು. ಅದಕ್ಕಿಂತ ಮುಖ್ಯವಾಗಿ, ಲೋ ಕಿಕ್‌ನ ಶಕ್ತಿ ಎದುರಾಳಿಯ ತೂಕದ ಮೇಲೆ ನಿಂತಿದೆ. 20 ಕಿಲೋದ ಜಿಯೋಡ್ಯೂಡ್‌ಗೆ ಅದರ ಶಕ್ತಿ 40. 200 ಕಿಲೋ ಮೀರಿದ ಓನಿಕ್ಸ್‌ಗೆ 120. 10ನೇ ಲೆವೆಲ್‌ನ ಮ್ಯಾಂಕಿ ಬೀಗ ಹಾಕಿದ ಬಾಗಿಲನ್ನೇ ಒದ್ದು 20ರಿಂದ 24ರ ಪೆಟ್ಟು ಕೊಡುತ್ತದೆ. ಎರಡು ಒದೆತಕ್ಕೆ ಓನಿಕ್ಸ್ ಮಲಗುತ್ತದೆ. ಮಲ್ಲಯುದ್ಧದ ಟೈಪ್‌ಗೆ ಕಲ್ಲಿನ ಏಟು ಅರ್ಧ ಮಾತ್ರ ತಾಗುವುದರಿಂದ ರಾಕ್ ಟೂಂಬ್‌ನ ಪೆಟ್ಟು 9 ಮೀರುವುದಿಲ್ಲ. 29 ಎಚ್‌ಪಿಯ ಮ್ಯಾಂಕಿ ಬೀಳಲು ನಾಲ್ಕು ಏಟಾದರೂ ಬೇಕು. ನಮಗೆ ಎರಡು, ಅವನಿಗೆ ನಾಲ್ಕು. 16ನೇ ಲೆವೆಲ್‌ನವನು ತಿಣುಕುವಲ್ಲಿ 10ನೇ ಲೆವೆಲ್‌ನವನು ನಿರಾಯಾಸವಾಗಿ ದಾಟುತ್ತಾನೆ.

ಬಟರ್‌ಫ್ರೀಗೂ ಇಲ್ಲಿ ಒಂದು ಪಾತ್ರವಿದೆ. ಜಿಯೋಡ್ಯೂಡ್‌ನಲ್ಲಿ ಕಲ್ಲಿನ ಏಟು ಇಲ್ಲ, ಟ್ಯಾಕಲ್ ಮತ್ತು ಡಿಫೆನ್ಸ್ ಕರ್ಲ್ ಅಷ್ಟೇ. 10ನೇ ಲೆವೆಲ್‌ನ ಕನ್‌ಫ್ಯೂಷನ್ ಮೂರ್ನಾಲ್ಕು ಸಲ ತಗುಲಿದರೆ ಅದು ಬೀಳುತ್ತದೆ. ಬಿದ್ದ ಕೂಡಲೇ, ಓನಿಕ್ಸ್ ಬರಲಿದೆ, ಬದಲಾಯಿಸುತ್ತೀರಾ ಎಂಬ ಪ್ರಶ್ನೆ ಬರುತ್ತದೆ. ಹೌದು ಎಂದು ಒತ್ತಿ ಚಿಟ್ಟೆಯನ್ನು ಹಿಂದಕ್ಕೆ ಕರೆದು ಮ್ಯಾಂಕಿಯನ್ನು ಬಿಡಿ. ಮರೆತು ಚಿಟ್ಟೆಯನ್ನೇ ಬಿಟ್ಟರೆ ಗತಿ ನೆಟ್ಟಗಿಲ್ಲ. ಕೀಟ ಮತ್ತು ಹಾರುವ ಟೈಪ್‌ಗಳೆರಡಕ್ಕೂ ಕಲ್ಲು ಮಾರಕ, ನಾಲ್ಕು ಪಟ್ಟಿನ ರಾಕ್ ಟೂಂಬ್ ಒಂದು ತಗುಲಿದರೆ ಸಾಕು.

ಪಿಕಾಚುವನ್ನು ಕಾಡಿನಲ್ಲಿ ಹಿಡಿದು ಇಲ್ಲಿಗೆ ತರುವ ಅಭಿಮಾನಿಗಳಿಗೆ ಮಾತ್ರ ಸಮಾಧಾನ ಹೇಳುವಂತಿಲ್ಲ. ನೆಲದ ಟೈಪ್‌ಗೆ ವಿದ್ಯುತ್ತು ತಾಗುವುದೇ ಇಲ್ಲ. ಟಿವಿಯಲ್ಲಿ ಬೇರೆ ರೀತಿ ಕಂಡಿರಬಹುದು, ಆಟದಲ್ಲಿ ಪೆಟ್ಟು ಸೊನ್ನೆ. ಆದರೂ ಅದನ್ನು ತಂಡದಿಂದ ಕೈಬಿಡಬೇಡಿ. ಎರಡನೆಯ ಜಿಮ್ ಸೆರುಲಿಯನ್‌ನ ಮಿಸ್ಟಿಯದು, ಅವಳ ಬಳಿ 18ನೇ ಲೆವೆಲ್‌ನ ಸ್ಟಾರ್ಯು ಮತ್ತು 21ನೇ ಲೆವೆಲ್‌ನ ಸ್ಟಾರ್ಮೀ, ಎರಡೂ ನೀರಿನವು. ಚಾರ್ಮ್ಯಾಂಡರ್ ಹಿಡಿದು ಹೊರಟವರ ಎರಡು ಸಂಖ್ಯೆಗಳು ಅಲ್ಲಿ ಮತ್ತೆ ತಲೆಕೆಳಗಾಗುತ್ತವೆ. ಆಗ ಪಿಕಾಚು ಬೇಕಾಗುತ್ತದೆ. ಅದಿಲ್ಲದಿದ್ದರೆ ಸೆರುಲಿಯನ್‌ನ ಉತ್ತರಕ್ಕೆ ರೂಟ್ 24ರ ಹುಲ್ಲಿನಲ್ಲಿ ಹುಡುಕಿ. ಫೈರ್‌ರೆಡ್‌ನಲ್ಲಿ ಆಡಿಶ್, ಲೀಫ್‌ಗ್ರೀನ್‌ನಲ್ಲಿ ಬೆಲ್‌ಸ್ಪ್ರೌಟ್ ಸಿಗುತ್ತದೆ.